ಗಡ್ಡೆ ಎಡಕ್ಕೆ, ಮಂಕು ಬಲಕ್ಕೆ: ಮೆದುಳಿನ ಪೆಟ್ ರಿಪೋರ್ಟ್ ಓದುವುದು ಹೇಗೆ?

ಬಾಗಲಕೋಟೆ, ವಿಜಯಪುರದ ಕಡೆಯಿಂದ ಬೆಳಗಾವಿಗೆ ಬಂದು ಪೆಟ್ ಸ್ಕ್ಯಾನ್ ಮಾಡಿಸಿ, ವಾಪಸ್ ಬಸ್ಸಿನಲ್ಲಿ ರಿಪೋರ್ಟ್ ಬಿಚ್ಚಿದವರಿಗೆ ಒಂದು ಸಾಲು ಎದೆ ಧಸಕ್ ಅನ್ನಿಸುತ್ತದೆ. ಗಡ್ಡೆ ಇರುವುದು ಮೆದುಳಿನ ಎಡ ಮುಂಭಾಗದಲ್ಲಿ. ಆದರೆ ಬಲಗಡೆಯ ಸೆರೆಬೆಲ್ಲಮ್‌ನಲ್ಲಿ, ಅಂದರೆ ತಲೆಯ ಹಿಂದೆ ಕೆಳಗಿರುವ ಕಿರುಮೆದುಳಿನಲ್ಲಿ, ಹೈಪೊಮೆಟಬಾಲಿಸಮ್ (ಸಕ್ಕರೆ ಬಳಕೆ ಕಡಿಮೆ, ಚಿತ್ರದಲ್ಲಿ ಮಂಕು) ಅಂತ ಬರೆದಿರುತ್ತದೆ. ಅಲ್ಲಿಗೂ ಹಬ್ಬಿತಾ ಅಂತ ತಕ್ಷಣ ಗಾಬರಿಯಾಗಬೇಡಿ.

ಸಕ್ಕರೆಯಂಥ ಮದ್ದಿನ ಇಂಜೆಕ್ಷನ್ ಕೊಟ್ಟು ಈ ಸ್ಕ್ಯಾನ್ ನೋಡುವುದು ಸಕ್ಕರೆ ಬಳಕೆಯನ್ನು. ದೇಹದ ತೂಕದಲ್ಲಿ ಮೆದುಳು ಸುಮಾರು ಶೇ 2 ಅಷ್ಟೇ, ಆದರೆ ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟನ್ನು ಅದೇ ತಿನ್ನುತ್ತದೆ. ಮುಂಭಾಗದಿಂದ ಹೊರಟ ನರತಂತುಗಳು ಮೆದುಳಿನ ಕಾಂಡದಲ್ಲಿರುವ ಪಾನ್ಸ್ ಎಂಬಲ್ಲಿಗೆ ಇಳಿಯುತ್ತವೆ, ಅಲ್ಲಿಂದ ಮುಂದಿನ ತಂತುಗಳು ಎದುರು ಬದಿಯ ಕಿರುಮೆದುಳಿಗೆ ದಾಟುತ್ತವೆ. ಗಡ್ಡೆಯೋ ಅದರ ಸುತ್ತಲಿನ ಬಾವೋ ಈ ದಾರಿ ಕೆಡಿಸಿದರೆ ಅತ್ತ ಸಂದೇಶ ಹೋಗುವುದಿಲ್ಲ, ಕೆಲಸವೂ ಕಡಿಮೆ, ಸಕ್ಕರೆಯೂ ಕಡಿಮೆ. ಕಬ್ಬಿನ ಗಾಡಿ ಬರದಿದ್ದರೆ ಕಾರ್ಖಾನೆ ಸುಮ್ನೆ ನಿಲ್ಲುತ್ತದಲ್ವಾ, ಯಂತ್ರ ಕೆಟ್ಟಿರುವುದಿಲ್ಲ. ಇದಕ್ಕೆ ಡಯಾಸ್ಕಿಸಿಸ್ ಅನ್ನುತ್ತಾರೆ. 1914ರಲ್ಲಿ ಮೊನಾಕೊವ್ ಎಂಬ ನರತಜ್ಞರು ಇಟ್ಟ ಹೆಸರು.

ಈಗ ಬದಿ ನೋಡಿ. ಗಡ್ಡೆಯ ಎದುರು ಬದಿಯ ಕಿರುಮೆದುಳು ಮಂಕಾಗಿದ್ದರೆ ಲೆಕ್ಕ ಕೂಡುತ್ತದೆ. ಆಮೇಲೆ ಎಂಆರ್‌ಐ ರಿಪೋರ್ಟಿನಲ್ಲಿ ಅದೇ ಜಾಗದ ಬಗ್ಗೆ ಏನಿದೆ ಓದಿ. ಅಲ್ಲಿ ನಾರ್ಮಲ್ ಅಂತಿದ್ದರೆ ಮಂಕು ಬಹುಶಃ ಇದೇ ಕಾರಣಕ್ಕೆ. ಗಂಟು, ಬಾವು ಅಂತಿದ್ದರೆ ಮಾತು ಬೇರೆ, ಡಾಕ್ಟರನ್ನೇ ಕೇಳಿ. ಮಂಕು ಅಂದ ಮಾತ್ರಕ್ಕೆ ಗಡ್ಡೆ ಅಲ್ಲ ಅಂತಲೂ ಹೇಳಲಾಗದು, ನಿಧಾನ ಬೆಳೆಯುವ ಕೆಲವು ಗಡ್ಡೆಗಳೂ ಸಕ್ಕರೆ ಕಡಿಮೆ ಎಳೆಯುತ್ತವೆ.

ಸ್ಕ್ಯಾನ್ ದಿನವೇ ಎಡವಟ್ಟಾಗಿದ್ದರೆ ಚಿತ್ರ ನಂಬುವುದು ಕಷ್ಟ. ಕನಿಷ್ಠ 4ರಿಂದ 6 ತಾಸು ಉಪವಾಸ ಅಂದರೆ ಉಪವಾಸ. ಕಾಕಾ ಕ್ಯಾಂಟೀನಿಗೆ ಹೋಗಿ ಅರ್ಧ ಕಪ್ ಚಹಾ ಕುಡಿದರೂ ಅದರಲ್ಲಿ ಸಕ್ಕರೆ ಇರುತ್ತದೆ. ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಕೂಡ ರಕ್ತದ ಸಕ್ಕರೆ ಏರಿಸುತ್ತದೆ, ಆಗ ಮೆದುಳು ಪೂರ್ತಿ ಮಂಕಾಗಿ ಕಾಣಬಹುದು. ಇಂಜೆಕ್ಷನ್ ಹೊತ್ತಿಗೇ ಫಿಟ್ಸ್ ಬಂದಿದ್ದರೆ ಉಲ್ಟಾ, ಫಿಟ್ಸ್ ಶುರುವಾದ ಭಾಗ ಜಾಸ್ತಿ ಹೊಳೆಯಬಹುದು. ಹಾಗಾಗಿ ಫಿಟ್ಸ್ ಯಾವಾಗ ಬಂತು ಅಂತ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ರೋಗಿಯನ್ನು ಮಬ್ಬುಗತ್ತಲ ಕೋಣೆಯಲ್ಲಿ ಸುಮ್ಮನೆ ಇರಲು ಬಿಡಿ, ಊರಿನಿಂದ ಬರುವ ಫೋನ್ ಕೊಡಬೇಡಿ. ಮಾತಾಡಿದರೆ ಮಾತಿನ ಭಾಗ ಸಕ್ಕರೆ ಎಳೆಯುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟ್ ಹಾಳೆ ಒಂದೇ ಸಾಲದು. ಪೆಟ್, ಎಂಆರ್‌ಐ ಎರಡರ ಸಿಡಿ, ನುಂಗುತ್ತಿರುವ ಗುಳಿಗೆಗಳ ಪಟ್ಟಿ ಜೊತೆಗಿರಲಿ.