ಶಿಡ್ಲಘಟ್ಟದ ಮಾತಿನಲ್ಲಿ ಒಪ್ಪಿಗೆ ಪತ್ರ

ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ಟ್ರಯಲ್‌ಗಳ, ಅಂದರೆ ರೋಗಿಗಳ ಒಪ್ಪಿಗೆ ಪಡೆದು ಚಿಕಿತ್ಸೆಯನ್ನು ಪರೀಕ್ಷಿಸುವ ಅಧ್ಯಯನಗಳ, ಕೋಆರ್ಡಿನೇಟರ್. ಹುಟ್ಟಿ ಬೆಳೆದದ್ದು ರೇಷ್ಮೆಯೂರು ಶಿಡ್ಲಘಟ್ಟದಲ್ಲಿ. ಅಲ್ಲಿ ನೂಲು ಬಿಚ್ಚಾಣಿಕೆ ಮಾಡುವ ಮುಸ್ಲಿಂ ಮನೆಗಳು ಬಹಳ. ಆ ಮನೆಗಳ ಹೆಂಗಸರು ನಮ್ಮ ಓಪಿಡಿಗೆ ಬರುತ್ತಿದ್ದರು, ಟ್ರಯಲ್ ಪಟ್ಟಿಯಲ್ಲಿ ಮಾತ್ರ ಕಾಣುತ್ತಿರಲಿಲ್ಲ. "ಅವರು ಒಪ್ಪಲ್ಲ ಬಿಡಿ" ಅಂತ ನಾವೇ ಮಾತಾಡಿಕೊಳ್ಳುತ್ತಿದ್ದೆವು. ಒಂದಿನ ರಿಜಿಸ್ಟರ್ ತೆಗೆದು ನೋಡಿದೆ. ನಾವು ಅವರನ್ನು ಕೇಳಿದ್ದೇ ಕಡಿಮೆ.

ಸರಿ, ಕೇಳೋಣ ಅಂತ ಹೊರಟೆ. ಉರ್ದು ಒಪ್ಪಿಗೆ ಪತ್ರ ಇತ್ತಲ್ಲ, ಧೈರ್ಯ. ಒಬ್ಬ ಖಾಲಾಗೆ (ಚಿಕ್ಕಮ್ಮ ಅಂತ ಕರೆಯುವ ಹಾಗೆ) ಓದಿ ಹೇಳಿಸಿದೆ. ಯಾವ ರೋಗಿ ಯಾವ ಔಷಧದ ಗುಂಪಿಗೆ ಅನ್ನುವುದನ್ನು ಕಂಪ್ಯೂಟರ್ ಆರಿಸುತ್ತದೆ ಅನ್ನಲು ಅದರಲ್ಲಿ 'ಬೇತರತೀಬ್' ಅಂತ ಬರೆದಿದ್ದರು. ಖಾಲಾ ಗಾಬರಿಯಾದರು. "ಗಜಿಬಿಜಿಯಾಗಿ ಔಷಧ ಕೊಡ್ತಾರಾ ಸಿಸ್ಟರ್?" ತಪ್ಪು ಅವರದಲ್ಲ. ಆ ಪತ್ರ ಉತ್ತರದ ಉರ್ದುವಿನದು, ನಮ್ಮೂರ ಮನೆಗಳದ್ದು ದಖನಿ, ದಕ್ಷಿಣದ ಆಡುಮಾತಿನ ಉರ್ದು. ಇನ್ನೊಬ್ಬರು ನೇರವಾಗಿ ಕೇಳಿದರು: "ಹಮಾರೆ ಪೊ ಆಜ್ಮಾರೈಂ ಕ್ಯಾ?" ನಮ್ಮ ಮೇಲೇ ಪರೀಕ್ಷೆ ಮಾಡ್ತೀರಾ ಅಂತ. ನ್ಯಾಯವಾದ ಪ್ರಶ್ನೆ ಅಲ್ವಾ?

ಮಾತು ಬದಲಿಸುವುದು ಸುಮ್ನೆ ಆಗುವ ಕೆಲಸವಲ್ಲ. ರೋಗಿಗೆ ಕೊಡುವ ಪ್ರತಿ ಹಾಳೆ, ಆಡಿಯೊ ಕೂಡ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಬೇಕು. ಊರಿನ ಒಬ್ಬ ಟೀಚರಮ್ಮನಿಂದ ದಖನಿಯಲ್ಲಿ ಆಡಿಯೊ ಮಾಡಿಸಿದೆ. 'ಬೇತರತೀಬ್' ಹೋಗಿ 'ಚೀಟಿ ಎತ್ತುವುದು' ಬಂತು. ಚೀಟಿ ವ್ಯವಹಾರ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ! ಚೀಟಿ ಎತ್ತುವುದು ಕಂಪ್ಯೂಟರ್, ಡಾಕ್ಟರ್ ಅಲ್ಲ ಅಂತಲೂ ಸೇರಿಸಿದೆವು. ಕಮಿಟಿ ಎರಡು ಸಲ ತಿದ್ದಿಸಿತು. ಆಗ ಸಿಟ್ಟು ಬಂದಿತ್ತು, ಈಗ ನೋಡಿದರೆ ಎರಡನೇ ತಿದ್ದುಪಡಿ ಬೇಕೇ ಇತ್ತು. "ಒಳ್ಳೆಯ ಹೊಸ ಔಷಧ" ಅಂತ ಬಾಯಿತಪ್ಪಿ ಹೇಳಿಬಿಟ್ಟಿದ್ದೆವು. ಒಳ್ಳೆಯದೋ ಅಲ್ಲವೋ ತಿಳಿಯಲಿಕ್ಕೇ ತಾನೇ ಟ್ರಯಲ್?

ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಮೊದಲು ನಾವು ಕಾರಿಡಾರಿನಲ್ಲಿ ಸಿಕ್ಕವರನ್ನು ಕರೆಯುತ್ತಿದ್ದೆವು. ಈಗ ಮನೆಯವರು ನಂಬುವ ಒಬ್ಬರನ್ನು ಕರೆತನ್ನಿ ಅನ್ನುತ್ತೇವೆ. ಪತ್ರದ ಪ್ರತಿ ಮನೆಗೆ ಕಳಿಸುತ್ತೇವೆ, ಅಂದೇ ಒಪ್ಪಿಗೆ ಕೇಳುವುದಿಲ್ಲ. ಮೊಮ್ಮಕ್ಕಳು ಮೊಬೈಲಿನಲ್ಲಿ ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ತಾಣ, ತೆರೆದು ಟ್ರಯಲ್ ನಿಜಕ್ಕೂ ನೋಂದಣಿ ಆಗಿದೆಯಾ ನೋಡುತ್ತಾರೆ. 2009ರಿಂದ ಈ ನೋಂದಣಿ ಕಡ್ಡಾಯ. ಹೆಚ್ಚುಕಮ್ಮಿ ಆದರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದಕ್ಕೆ 2019ರ ನಿಯಮ ತೋರಿಸುತ್ತೇನೆ: ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು.

ಇಷ್ಟಾದರೂ ಎಡವಿದ್ದು ಬೇರೆಡೆ. ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಲು ಕತ್ತಲಲ್ಲೇ ಬಸ್ ಹಿಡಿಯಬೇಕು. ಜೊತೆಗೆ ಬರುವ ಮಗನ ಅಂದಿನ ಕೂಲಿ ಹೋಯಿತು. ಬಸ್ ಚಾರ್ಜ್ ಕೊಡುತ್ತಿದ್ದೆವು, ಆದರೆ ತಿಂಗಳಾದ ಮೇಲೆ! ಜಗಳ ಮಾಡಿ ಅಂದೇ ಕೈಗೆ ಸಿಗುವಂತೆ ಮಾಡಿಸಿದೆ. ಸಮಯ ಹನ್ನೊಂದಕ್ಕೆ ಸರಿಸಿದೆವು. ಹಿಮೋಗ್ಲೋಬಿನ್ ಕಡಿಮೆ ಅಂತ ಹೊರಗುಳಿಯುತ್ತಿದ್ದವರಿಗೆ ಮೊದಲು ರಕ್ತಹೀನತೆಗೆ ಚಿಕಿತ್ಸೆ ಕೊಡಿಸಿ, ಟ್ರಯಲ್‌ನ ನಿಯಮ ಅವಕಾಶ ಕೊಟ್ಟ ಕಡೆ ಮತ್ತೆ ಪರೀಕ್ಷೆ ಮಾಡಿಸಿದೆವು.

ಆ ಖಾಲಾ ಆಡಿಯೊ ಕೇಳಿ, ವಾರ ಯೋಚಿಸಿ, ಬೇಡ ಅಂದರು. ಅವರ ಮಾಮೂಲಿ ಚಿಕಿತ್ಸೆ ಹಾಗೇ ನಡೆಯಿತು. ಬಾಗೇಪಲ್ಲಿ ಕಡೆಯವರಿಗಾಗಿ ಅವರದೇ ತೆಲುಗಿನಲ್ಲಿ ಮಾಡಿಸಿದ ಆಡಿಯೊ ಈಗ ಕಮಿಟಿ ಮುಂದಿದೆ.