ಬಾಹ್ಯಾಕಾಶ ನಿಲ್ದಾಣದಲ್ಲಿ ದೇಹವನ್ನು ಕಾಪಾಡಿಕೊಳ್ಳುವ ಬಗೆ

ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳು ಕಳೆಯಲು ಹೊರಟವರು ಎಲ್ಲಕ್ಕಿಂತ ಮೊದಲು ವ್ಯಾಯಾಮವನ್ನು ರೂಢಿಸಿಕೊಳ್ಳಬೇಕು. ಅಲ್ಲಿ ಕಾಲುಗಳು ದೇಹದ ಭಾರವನ್ನು ಹೊರುವುದಿಲ್ಲವಾದ್ದರಿಂದ, ವ್ಯಾಯಾಮ ತಪ್ಪಿಸಿದರೆ ಸೊಂಟದ ಭಾಗದ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕುಗ್ಗಬಹುದು. ಇದಕ್ಕಾಗಿಯೇ ದಿನಕ್ಕೆ ಸುಮಾರು 2 ಗಂಟೆ ಮೀಸಲಿಡಿ. ಟ್ರೆಡ್‌ಮಿಲ್ ಮೇಲೆ ಓಡುವ ಮುನ್ನ ಭುಜಕ್ಕೂ ಸೊಂಟಕ್ಕೂ ಪಟ್ಟಿಗಳನ್ನು ಬಿಗಿದುಕೊಂಡು, ಅವು ನಿಮ್ಮನ್ನು ಕೆಳಕ್ಕೆ ಎಳೆದು ಹಿಡಿದಿವೆಯೇ ಎಂದು ಪರೀಕ್ಷಿಸಿ. ಇಲ್ಲವಾದರೆ ಮೊದಲ ಹೆಜ್ಜೆಗೇ ತೇಲಿಹೋಗುತ್ತೀರಿ. ಕಬ್ಬಿಣದ ತೂಕಗಳಿಗೆ ಅಲ್ಲಿ ಭಾರವೇ ಇಲ್ಲ, ಆದ್ದರಿಂದ ನಿರ್ವಾತ ಸಿಲಿಂಡರುಗಳ ಎಳೆತದ ವಿರುದ್ಧ ಸ್ನಾಯುಗಳನ್ನು ದುಡಿಸಬೇಕಾಗುತ್ತದೆ.

ಬೆವರು ಇಳಿದುಹೋಗದೆ ಚರ್ಮಕ್ಕೇ ಅಂಟಿಕೊಂಡು ನೀರಿನ ದಪ್ಪ ಪದರವಾಗುತ್ತದೆ. ಅದನ್ನು ಒರೆಸಿದ ಟವೆಲನ್ನು ಒಣಗಲು ಬಿಡಿ. ಗಾಳಿಗೆ ಸೇರಿದ ಆ ತೇವವನ್ನೇ ನಿಲ್ದಾಣದ ವ್ಯವಸ್ಥೆ ಹಿಡಿದು, ಶುದ್ಧೀಕರಿಸಿ, ಕುಡಿಯುವ ನೀರಾಗಿಸುತ್ತದೆ. ಈ ಬಗ್ಗೆ ಯಾವ ಹಿಂಜರಿಕೆಯೂ ಬೇಡ.

ಮಲಗುವ ಚೀಲವನ್ನು ಗೋಡೆಗೆ ಕಟ್ಟಿಕೊಂಡ ಮೇಲೆ ಮುಖದ ಬಳಿ ಗಾಳಿಯಾಡುತ್ತಿದೆಯೇ ಎಂದು ತಪ್ಪದೆ ನೋಡಿಕೊಳ್ಳಿ, ಏಕೆಂದರೆ ಬಿಸಿ ಗಾಳಿ ತಾನಾಗಿ ಮೇಲೇರದ ಆ ಜಾಗದಲ್ಲಿ ನಿಮ್ಮದೇ ಉಸಿರಿನ ಇಂಗಾಲದ ಡೈಆಕ್ಸೈಡ್ ಮೂಗಿನ ಸುತ್ತ ನಿಂತು ತಲೆನೋವು ತರಬಹುದು. ದಿನಕ್ಕೆ 16 ಸೂರ್ಯೋದಯಗಳಾಗುವುದರಿಂದ, ನಿದ್ದೆಗೆ ಕಿಟಕಿಯ ಬೆಳಕನ್ನಲ್ಲ, ಗಡಿಯಾರವನ್ನೇ ನಂಬಬೇಕು.