ಅಮೆರಿಕಕ್ಕೆ ವರ್ಗವಾಯಿತಾ? ಹೆಂಡತಿ-ಮಕ್ಕಳ ವೀಸಾಕ್ಕೆ ಕಾಗದ ಬೆಳಗಾವಿಯಲ್ಲೇ ಸರಿಮಾಡಿಕೊಳ್ಳಿ

ಕಂಪನಿ ತನ್ನ ಅಮೆರಿಕದ ಆಫೀಸಿಗೆ ವರ್ಗ ಮಾಡಿದರೆ ನೌಕರರಿಗೆ ಎಲ್-1 ವೀಸಾ. ಹೆಂಡತಿ ಅಥವಾ ಗಂಡನಿಗೆ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳಿಗೆ ಎಲ್-2. ಅಷ್ಟೇ ಜನ. ಅಪ್ಪ-ಅವ್ವ ಇದರಲ್ಲಿ ಬರುವುದಿಲ್ಲ, ಅವರು ಬಿ-2 ಪ್ರವಾಸಿ ವೀಸಾಕ್ಕೆ ಬೇರೆ ಅರ್ಜಿ ಹಾಕಬೇಕು. ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಮೊದಲು ಮದುವೆ ಸರ್ಟಿಫಿಕೇಟ್. ಲಗ್ನಪತ್ರಿಕೆ, ಮಂಗಲ ಕಾರ್ಯಾಲಯದ ರಸೀದಿ ತೋರಿಸಿದರೆ ಸಾಲದು. ಮದುವೆ ಇನ್ನೂ ನೋಂದಣಿಯಾಗಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಹಿಂದೂ ಮದುವೆಗೆ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲೂ ಅರ್ಜಿ ಹಾಕಬಹುದು. ನಮ್ಮ ಕಡೆ ಕೊಲ್ಲಾಪುರ, ಸಾಂಗಲಿಯಿಂದ ಸೊಸೆ ತರುವುದು ಜಾಸ್ತಿ ಅಲ್ವಾ, ಮದುವೆ ಅಲ್ಲೇ ಆಗಿ ಕಾಗದ ಮರಾಠಿಯಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ, ಅದು ಸರಿಯಿದೆ ಎಂದು ಅನುವಾದಕರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೀ ಕನ್ನಡದಲ್ಲಿರುವ ಕಾಗದಕ್ಕೂ ಹೀಗೇ ಮಾಡಿ.

ಆಮೇಲೆ ಹೆಸರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಇದೇ. ಆಧಾರ್‌ನಲ್ಲಿ ತವರಿನ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನದು, ಮಗುವಿನ ಜನನ ಪತ್ರದಲ್ಲಿ ತಾಯಿಗೆ ಮದುವೆಯಲ್ಲಿ ಇಟ್ಟ ಹೊಸ ಹೆಸರು ಇದ್ದರೆ ಇವರೆಲ್ಲ ಒಬ್ಬರೇ ಎಂದು ವೀಸಾ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಗಂಡನ ಅಡ್ಡಹೆಸರು ಹಾಕಲೇಬೇಕೆಂಬ ನಿಯಮವಿಲ್ಲ. ತವರಿನದೇ ಇರಲಿ, ಎಲ್ಲ ಕಡೆ ಒಂದೇ ಇರಲಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿದ್ದರೆ ವೀಸಾದಲ್ಲಿ ನಿಮ್ಮ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್ಎನ್‌ಯು ಎಂದು, ಅಂದರೆ ‘ಹೆಸರು ಗೊತ್ತಿಲ್ಲ’ ಎಂದು ಬರುತ್ತದೆ. ಹೊರಡುವ ಮೊದಲೇ ಸರಿಮಾಡಿಸಿ. ಹೆರಿಗೆಯಾದ ಕೂಡಲೇ ತಂದ ಜನನ ಪತ್ರವಾದರೆ ಮಗುವಿನ ಹೆಸರು ಸೇರಿದೆಯೇ ನೋಡಿ, ಇಲ್ಲದಿದ್ದರೆ ಪಾಲಿಕೆಯಲ್ಲಿ ಸೇರಿಸಿ.

ಕಾಗದ ಸರಿಯಾದ ಮೇಲೆ ಡಿಎಸ್-160 ಅರ್ಜಿ. ತಲೆಗೊಂದು, ಕೈಗೂಸಿಗೂ ಸೇರಿ. ಕಳೆದ 5 ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಕೇಳುತ್ತಾರೆ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಫೋಟೊ 2 ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಬೇಡ. 2023ರ ಜೂನ್‌ನಿಂದ ಶುಲ್ಕ ಒಬ್ಬರಿಗೆ 205 ಡಾಲರ್.

ವೀಸಾ ಸಂದರ್ಶನಕ್ಕೆ ಬೆಳಗಾವಿಯವರಿಗೆ ಮುಂಬೈ ಅನುಕೂಲ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ. ಬೆರಳಚ್ಚು ಮೊದಲು, ಸಂದರ್ಶನ ಆಮೇಲೆ. 14ರೊಳಗಿನ ಮಕ್ಕಳಿಗೆ ಹಿಂದೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಸಾಮಾನ್ಯವಾಗಿ ಅವರೂ ಹೋಗಬೇಕು. ಗಂಡ ಮೊದಲೇ ಹೋಗಿದ್ದರೆ ಅವರ ಪಾಸ್‌ಪೋರ್ಟ್, ವೀಸಾ, ಐ-797 (ಅರ್ಜಿ ಒಪ್ಪಿದ ಪತ್ರ), ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರತಿಗಳು, ಇತ್ತೀಚಿನ ಸಂಬಳದ ಚೀಟಿ, ಕಂಪನಿಯ ಪತ್ರ ಜೊತೆಗಿರಲಿ. ಅವರು ಯಾವ ಕಂಪನಿ, ಏನು ಕೆಲಸ, ಯಾವ ಊರು ಎಂದು ಕೇಳಿದರೆ ಸುಮ್ನೆ ಬಾಯಿಪಾಠ ಒಪ್ಪಿಸಬೇಡಿ. ನಿಜವಾಗಿ ತಿಳಿದುಕೊಂಡು ಹೋಗಿ.

ಎಲ್-2ದಲ್ಲಿ ಹೋದ ಹೆಂಡತಿ ಅಥವಾ ಗಂಡ ಅಲ್ಲಿ ಕೆಲಸಕ್ಕೆ ಸೇರಬಹುದು, ಬೇರೆ ಪರವಾನಗಿ ಬೇಡ. ಆದರೆ ಇಳಿದ ಮೇಲೆ ಐ-94 ತೆಗೆದು ನೋಡಿ, ಅದರಲ್ಲಿ ಎಲ್-2ಎಸ್ ಎಂದಿರಬೇಕು. ಬರೀ ಎಲ್-2 ಎಂದಿದ್ದರೆ ಕೆಲಸಕ್ಕೆ ಸೇರುವ ಮೊದಲು ತಿದ್ದಿಸಿಕೊಳ್ಳಿ.